ವಿಕ್ಟರ್ ತ್ಸೋಯ್ ಬಾಯ್ಲರ್ ಕೋಣೆಯಲ್ಲಿ ಏಕೆ ದುಡಿದರು?

ಪ್ರಶ್ನೆ: ಸೋವಿಯತ್ ಒಕ್ಕೂಟದ ‘ಕಿನೋ’ ರಾಕ್ ತಂಡದ ಗಾಯಕ ವಿಕ್ಟರ್ ತ್ಸೋಯ್ ಅವರು ಹೆಸರು ಮಾಡಿದ ಮೇಲೂ ಲೆನಿನ್‌ಗ್ರಾಡಿನ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಬಾಯ್ಲರ್ ಕೋಣೆಯೊಂದರಲ್ಲಿ, ಅಂದರೆ ಕಟ್ಟಡಗಳನ್ನು ಬೆಚ್ಚಗಿಡುವ ಕುಲುಮೆಯ ಕೋಣೆಯಲ್ಲಿ, ಕಲ್ಲಿದ್ದಲು ತುಂಬುತ್ತಿದ್ದರೆಂದು ಓದಿದೆ. ಇದಕ್ಕೆ ಬಡತನವೇ ಕಾರಣವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಬಡತನವೊಂದೇ ಅಲ್ಲ. ನಿರುದ್ಯೋಗಿಯಾಗಿರುವುದನ್ನು ಸೋವಿಯತ್ ಕಾನೂನು ಅಪರಾಧವೆಂದು ಪರಿಗಣಿಸುತ್ತಿತ್ತು. ಸರ್ಕಾರದ ಮನ್ನಣೆಯಿಲ್ಲದ ರಾಕ್ ಸಂಗೀತವು ಉದ್ಯೋಗವೆನಿಸದ ಕಾರಣ, ಅನೇಕ ಸಂಗೀತಗಾರರು ಕಾವಲುಗಾರಿಕೆ, ಬಾಯ್ಲರ್ ಕೆಲಸದಂತಹ, ಹಾಡು ಕಟ್ಟಲು ಬಿಡುವು ಉಳಿಸುವ ನೌಕರಿಗಳನ್ನು ಹಿಡಿಯುತ್ತಿದ್ದರು. ತ್ಸೋಯ್ ದುಡಿದ, ‘ಕಮ್ಚಾಟ್ಕಾ’ ಎಂದು ಕರೆಯುತ್ತಿದ್ದ ಆ ಕೋಣೆ ಮುಂದೆ ಅವರ ನೆನಪಿನ ವಸ್ತುಸಂಗ್ರಹಾಲಯವಾಯಿತು.

ಉತ್ತರ 2: ಮೇಲಿನ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. 1962ರಲ್ಲಿ ಹುಟ್ಟಿದ ತ್ಸೋಯ್ ಅವರ ತಂದೆ ಕೊರಿಯನ್ ಮೂಲದ ಎಂಜಿನಿಯರ್. 1982ರ ಮೊದಲ ಆಲ್ಬಮ್ ‘45’ ಅಧಿಕೃತ ಕಂಪನಿಯ ಹಂಗಿಲ್ಲದೆ, ಟೇಪಿನಿಂದ ಟೇಪಿಗೆ ನಕಲಾಗುತ್ತ ಕೇಳುಗರನ್ನು ತಲುಪಿತು. 1988ರಲ್ಲಿ ‘ಗ್ರುಪ್ಪಾ ಕ್ರೋವಿ’ ಆಲ್ಬಮ್ ಮತ್ತು ಅವರು ನಾಯಕನಾಗಿ ನಟಿಸಿದ ‘ಇಗ್ಲಾ’ ಚಿತ್ರ ಅವರನ್ನು ದೇಶದ ಮೂಲೆಮೂಲೆಗೆ ಪರಿಚಯಿಸಿದವು. 1990ರ ಜೂನ್ 24ರಂದು ಮಾಸ್ಕೋದ ಲುಜ್ನಿಕಿ ಕ್ರೀಡಾಂಗಣದಲ್ಲಿ ಹಾಡಿದ ಅವರು, ಎರಡು ತಿಂಗಳೊಳಗೆ, ಆಗಸ್ಟ್ 15ರಂದು, ಲಾಟ್ವಿಯಾದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ಕೇವಲ 28 ವರ್ಷ.

ಉತ್ತರ 3: ಅವರ ನಿಜವಾದ ಶಕ್ತಿ ಸರಳ ಮಾತು ಮತ್ತು ಆವೇಶವಿಲ್ಲದ ಗಂಭೀರ ಕಂಠದಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೊಸದಾಗಿ ಕೇಳುವವರು, ಸಂಗಡಿಗರು ಅವರ ಮರಣಾನಂತರ ಪೂರ್ಣಗೊಳಿಸಿದ, ಕಪ್ಪು ಹೊದಿಕೆಯ ಕೊನೆಯ ಆಲ್ಬಮನ್ನು ಖಂಡಿತ ಕೇಳಬೇಕು.