ಸಹಾಯ ಬೇಕು: ಕೆಸುವಿನ ಎಲೆಗೆ ನೀರು ಅಂಟಿಕೊಳ್ಳುತ್ತಿದೆ!

ನಮಸ್ಕಾರ. ಒಂದು ಪುಟ್ಟ ಅನಿಮೇಷನ್ ಮಾಡುತ್ತಿದ್ದೇನೆ. ಕೆಸುವಿನ ಎಲೆ ಮೇಲೆ ಮಳೆ ನೀರು ತುಂಬಬೇಕು, ಭಾರಕ್ಕೆ ಎಲೆ ಬಾಗಬೇಕು, ನೀರು ಸುರಿದ ಮೇಲೆ ಮತ್ತೆ ಏಳಬೇಕು. ಇಷ್ಟೇ. ಮೂರು ವಾರದಿಂದ ಇದೇ ಕತೆ.

ಮೊದಲು ಬ್ಲೆಂಡರ್ ಎಂಬ ಉಚಿತ 3ಡಿ ಸಾಫ್ಟ್‌ವೇರ್‌ನಲ್ಲಿ ನೋಡಿದೆ. ಅದರಲ್ಲಿ ನೀರಿನ ಚಲನೆ ಲೆಕ್ಕ ಹಾಕುವ ಮಂಟಾಫ್ಲೋ ಒಮ್ಮುಖ. ಎಲೆ ನೀರನ್ನು ತಡೆಯುತ್ತದೆ, ನೀರು ಎಲೆಯನ್ನು ತಳ್ಳುವುದಿಲ್ಲ. ಎಷ್ಟು ಸುರಿದರೂ ಎಲೆ ತಗಡಿನ ಹಾಗೆ ನಿಂತಿರುತ್ತದೆ.

ಆಮೇಲೆ ಎಲೆಗೊಂದು, ನೀರಿಗೊಂದು ಸಾಲ್ವರ್ (ಚಲನೆ ಲೆಕ್ಕ ಹಾಕುವ ಕೋಡ್) ಬರೆದು, ಪ್ರತಿ ಹೆಜ್ಜೆಗೂ ಬಲ ಅದಲುಬದಲು ಮಾಡಿದೆ. ಎಲೆ ಹಗುರ, ನೀರು ಭಾರ. ಲೆಕ್ಕ ಹದ ತಪ್ಪಿ ನಾಲ್ಕೈದು ಫ್ರೇಮ್‌ಗೆ ಎಲೆ ಆಕಾಶಕ್ಕೆ ಹಾರಿತು.

ಕೊನೆಗೆ ತೈಚಿಯಲ್ಲಿ (ಪೈಥಾನ್ ಒಳಗೆ ಬರೆಯುವ, ಇಂಥ ಲೆಕ್ಕಕ್ಕೆ ಬಳಸುವ ಭಾಷೆ) ಎಂಪಿಎಂ, ಅಂದರೆ ಮೆಟೀರಿಯಲ್ ಪಾಯಿಂಟ್ ಮೆಥಡ್. 2013ರಲ್ಲಿ ಡಿಸ್ನಿಯವರು ಹಿಮಕ್ಕೆ ಬಳಸಿದರಲ್ಲ, ಅದೇ ವಿಧಾನ. ನೀರು, ಎಲೆ ಎರಡೂ ಕಣಗಳು. ಒಂದೇ ಗ್ರಿಡ್‌ನಲ್ಲಿ (ಜಾಗವನ್ನು ಕೋಶಗಳಾಗಿ ಭಾಗಿಸಿದ ಚೌಕಳಿ) ವೇಗ ಹಂಚಿಕೊಳ್ಳುವುದರಿಂದ ಒಂದನ್ನೊಂದು ತಳ್ಳುವುದು ತಾನಾಗೇ ಬರುತ್ತದೆ. ಎಲೆ ಬಾಗಿತು, ಖುಷಿಯಾಯ್ತು! ಆದರೆ ಅದೇ ಹಂಚಿಕೆಯಿಂದ ನೀರು ಗೋಂದಿನಂತೆ ಎಲೆಗೆ ಹಿಡಿದುಕೊಂಡಿದೆ. ಕೆಸುವಿನ ಎಲೆಗೆ ನೀರು ಅಂಟುವುದುಂಟಾ? ಗ್ರಿಡ್‌ನಲ್ಲಿ ಪ್ರತಿ ದಿಕ್ಕಿಗೆ 128 ಕೋಶ, ಎಲೆ ಒಂದು ಕೋಶಕ್ಕಿಂತ ತೆಳು. ಹಾಗಾಗಿ ಅಲ್ಲಲ್ಲಿ ಸೋರುತ್ತದೆ ಕೂಡ. ಎಲೆಯನ್ನು 4 ಪಟ್ಟು ಗಡಸು ಮಾಡಿದರೆ ಟೈಮ್‌ಸ್ಟೆಪ್ (ಲೆಕ್ಕದ ಪ್ರತಿ ಹೆಜ್ಜೆಯ ಅವಧಿ) ಅರ್ಧಕ್ಕೆ ಇಳಿಸಬೇಕು, ರಾತ್ರಿಯಿಡೀ ಕಾಯಬೇಕು.

ಈಗ ಎಲೆಗೂ ನೀರಿಗೂ ಬೇರೆ ಬೇರೆ ಗ್ರಿಡ್ ವೇಗ ಇಟ್ಟು, ತಾಗಿದ ಕಡೆ ಮಾತ್ರ ಜಾರುವಂತೆ ಮಾಡಲಾ? ಅಥವಾ ಎರಡನ್ನೂ ಪೊಸಿಷನ್ ಬೇಸ್ಡ್ ಡೈನಮಿಕ್ಸ್‌ಗೆ (ಬಲದ ಬದಲು ಕಣಗಳ ಸ್ಥಾನವನ್ನೇ ನೇರ ತಿದ್ದುವ ವಿಧಾನ) ಒಯ್ಯಲಾ? ಎರಡರಲ್ಲಿ ಯಾವುದನ್ನಾದರೂ ಮಾಡಿದವರು ಇದ್ದೀರಾ? ಗ್ರಾಫಿಕ್ಸ್ ಕಾರ್ಡ್ 6 ಜಿಬಿ ಅಷ್ಟೇ. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಹೇಳಬೇಡಿ, ಸದ್ಯ ಕೈ ಖಾಲಿ. ಕೋಡ್ ಬೇಕಿದ್ದರೆ ಕಾಮೆಂಟ್‌ನಲ್ಲಿ ಹಾಕುತ್ತೇನೆ.