ಸಹಾಯ ಬೇಕು: ‘ಟರ್ನ್ ಡೌನ್’ ಬಳಸುವುದು ಹೇಗೆ?

ನಮಸ್ಕಾರ. ಮಡಿಕೇರಿ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಇದೆ. ವಿದೇಶಿ ಅತಿಥಿಗಳ ಮೆಸೇಜುಗಳಿಗೆ ಉತ್ತರ ಬರೆಯುವವಳು ನಾನೇ. ‘ಟರ್ನ್ ಡೌನ್’ ಅಂದರೆ ಟಿವಿ ಸೌಂಡ್ ಕಡಿಮೆ ಮಾಡುವುದು, ಬೇಡ ಅನ್ನುವುದು, ಇವೆರಡೂ ಗೊತ್ತು. ದೊಡ್ಡ ಹೋಟೆಲುಗಳಲ್ಲಿ ಸಂಜೆ ಹೊದಿಕೆ ಮಡಚಿ ಹಾಸಿಗೆ ಸಿದ್ಧ ಮಾಡುವುದಕ್ಕೂ ಇದೇ ಹೆಸರು. ನಮ್ಮಲ್ಲಿ ಅದೆಲ್ಲ ಇಲ್ಲ ಬಿಡಿ!

ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ ಮನೆ ತುಂಬಾ ನೆಂಟರು. ಆಗ ಬುಕಿಂಗ್ ಬೇಡ ಅನ್ನಲೇಬೇಕು. ‘ವಿ ಹ್ಯಾವ್ ಟು ಟರ್ನ್ ಡೌನ್ ಯುವರ್ ಬುಕಿಂಗ್’ ಅಂತ ಬರೆದರೆ ಒರಟಾಗುತ್ತದಾ? ಮೆತ್ತಗೆ ಹೇಳುವುದು ಹೇಗೆ?

ಇನ್ನೊಂದು. ‘ಟರ್ನ್ ಇಟ್ ಡೌನ್’ ಸರಿ, ‘ಟರ್ನ್ ಡೌನ್ ಇಟ್’ ತಪ್ಪು. ಆದರೆ ‘ಲುಕ್ ಆಫ್ಟರ್ ಇಟ್’ ಸರಿ, ಅಲ್ವಾ? ಇಂಥ ಜೋಡಿ ಪದಗಳಲ್ಲಿ ಯಾವುದನ್ನು ಒಡೆದು ನಡುವೆ ‘ಇಟ್’ ಹಾಕಬಹುದು, ಯಾವುದನ್ನು ಒಡೆಯಬಾರದು ಅಂತ ಗುರುತಿಸಲು ಸುಲಭ ದಾರಿ ಇದ್ದರೆ ದಯವಿಟ್ಟು ತಿಳಿಸಿ.