ಹಿನ್ನೀರಿನ ಬೋಟಿಗೆ ಹಳೆ ಕಾರ್ ಸೀಟ್ ಕೂರಿಸಬಹುದೇನ್ರಿ?

ಹುಣಸಗಿ_ಬೋಟ್
ನಾರಾಯಣಪುರ ಡ್ಯಾಮಿನ ಹಿನ್ನೀರಿನ್ಯಾಗ ಓಡಸೋ 14 ಅಡಿ ಫೈಬರ್ ಬೋಟ್, 25 ಎಚ್‌ಪಿ ಇಂಜಿನ್, ಸ್ಟೇರಿಂಗ್ ಬಲಕ್ಕದ. ಕುಂದ್ರಾಕ ಬರೀ ಅಡ್ಡ ಹಲಗಿ, ನೆಲದಿಂದ 30 ಸೆಂ.ಮೀ. ಎತ್ತರ. ಸ್ಪೀಡ್ ಕೊಟ್ರ ಮೂತಿ ಮ್ಯಾಲೆದ್ದು ಮುಂದಿಂದು ಕಾಣಂಗಿಲ್ಲ. ಹಲಗಿ ಮ್ಯಾಲ ಹಾಕಿದ ಗಾದಿ ಮಳಿನೀರು ಕುಡದ್ರ ಒಣಗೋ ಮಾತೇ ಇಲ್ಲ. ಗುಜರಿಯಾಗ ಕಾರ್ ಸೀಟ್ ಸಿಗ್ತಾವ. ಪೈಪ್ ಸ್ಟ್ಯಾಂಡ್ ಮ್ಯಾಲ ಕೂರಿಸಿದ್ರ ನಡೀತದೇನ್ರಿ?

ಫೈಬರ್_ಕೆಲಸ
ಬ್ಯಾಡ್ರಿ. ಕಾರ್ ಸೀಟಿನೊಳಗ ಸಾದಾ ಕಬ್ಬಿಣದ ಫ್ರೇಮ್ ಇರ್ತದ, ತುಕ್ಕು ಹಿಡೀತದ. ಒಂಟಿ ಪೈಪ್ ಇನ್ನೂ ಕೆಟ್ಟದ್ದು. ತೆರಿ ಹೊಡದಾಗೆಲ್ಲ ಮೈಭಾರ ಪೂರಾ ಬುಡದ ನಾಕು ಬೋಲ್ಟ್ ಎಳೀತದ, ತೆಳು ನೆಲ ಸೀಳತದ.

ಮೂತಿ ಏಳೋದಕ್ಕ ಸೀಟ್ ಎತ್ತೋದು ಮೊದಲ್ನೇ ಮದ್ದಲ್ಲ. ಇಂಜಿನ್ ಎಷ್ಟು ಓರಿ ನಿಲ್ಲಬೇಕಂತ ಹಿಡಿಯೋ ಬ್ರಾಕೆಟಿನ ಪಿನ್ ಒಂದು ತೂತು ಬೋಟಿನ ಕಡಿಗೆ ಸರಿಸ್ರಿ, ಬ್ಯಾಟರಿ ಮುಂದಕ್ಕ ಇಡ್ರಿ. ಆಮ್ಯಾಲ ಎಷ್ಟು ಕಾಣ್ತದ ನೋಡಿ ಸೀಟ್ ಎತ್ರಿ, 10 ಸೆಂ.ಮೀ. ಮೀರಬ್ಯಾಡ್ರಿ. ಭಾರ ಮ್ಯಾಲೇರಿದಷ್ಟೂ ಇಷ್ಟು ಸಣ್ಣ ಬೋಟ್ ಹೊಯ್ದಾಡ್ತದ.

ಪೈಪ್ ಬದಲಿ ಪೆಟ್ಟಿಗಿ ಸೀಟ್ ಮಾಡ್ರಿ, ಭಾರ ನೆಲದ ತುಂಬ ಹಂಚಿ ಹೋಗ್ತದ. 12 ಎಂಎಂ ಮರೀನ್ ಪ್ಲೈ (ನೀರು ತಡಿಯೋ ಪ್ಲೈವುಡ್), ಐಎಸ್ 710 ಮುದ್ರಿ ನೋಡಿ ತಗೋರಿ. ಕೊಯ್ದ ಅಂಚಿಗೆ ಎಪಾಕ್ಸಿ (ಎರಡು ಡಬ್ಬಿದು ಬೆರೆಸಿ ಹಚ್ಚೋ ಗಟ್ಟಿ ಅಂಟು) ಎರಡು ಕೈ ಬಳೀರಿ, ನೀರು ಒಳಗ ಹೋಗೋದೇ ಅಲ್ಲಿಂದ. ನೆಲಕ್ಕ 8 ಎಂಎಂ ಬೋಲ್ಟ್ ಹಾಕೋದಾದ್ರ ಮೊದಲು 12 ಎಂಎಂ ತೂತು ಕೊರೀರಿ, ಗಟ್ಟಿ ಎಪಾಕ್ಸಿ ತುಂಬ್ರಿ, ಒಂದಿನ ಬಿಟ್ಟು ಅದರ ನಡುವ 8 ಎಂಎಂ ಕೊರೀರಿ. ಇಲ್ಲಾಂದ್ರ ಫೈಬರ್ ನಡುವಿನ ಪ್ಲೈ ನೀರು ಕುಡದು ಕೊಳೀತದ, ಬೋಲ್ಟ್ ಸಡಿಲಾಗ್ತದ. ಡ್ರಿಲ್ ಮೊದಲು ಉಲ್ಟಾ ತಿರುಗಿಸಿದ್ರ ಮ್ಯಾಲಿನ ಬಣ್ಣದ ಪದರ ಚಕ್ಕಿ ಏಳಂಗಿಲ್ಲ. ತಳದಾಗ ಕೈ ಹೋಗೋ ಕಡಿ ಅಗಲ ಪ್ಲೇಟ್ ಕೊಡ್ರಿ, ಬರೀ ವಾಷರ್ ಸಾಲಂಗಿಲ್ಲ. ಬೋಲ್ಟಿಗೆ ಸಿಹಿನೀರಿನ್ಯಾಗ 304 ನಂಬರಿನ ಸ್ಟೀಲ್ ಸಾಕು. 316 ಸಮುದ್ರದವರಿಗೆ.

ಕಾರಂಜಾ_ದಂಡೆ
ಗಾದಿ ಬಗ್ಗೆ ನಾನು ಸೇರಿಸ್ತೀನಿ. ಸೋಫಾ ಫೋಮ್ ಹಾಕಬೇಡಿ, ನೀರು ಹೀರದ ಇವಿಎ ಶೀಟ್ (ರಬ್ಬರಿನಂಥ ಫೋಮ್) ತರಿಸಿ. ಕೆಳಗೆ ಗಟ್ಟಿ 25 ಎಂಎಂ, ಮೇಲೆ ಮೆತ್ತನೆಯ 25 ಎಂಎಂ, ಎರಡನ್ನೂ ಸೇರಿಸಿ ಅಂಟಿಸಿ. ರೆಕ್ಸಿನ್ ಹೊಲಿಗೆ ಕೂರುವ ಭಾಗದ ಮೇಲೆ ಬರಕೂಡದು, ಸೂಜಿ ತೂತಿನಿಂದಲೇ ನೀರು ಇಳಿಯುತ್ತದೆ. ಸ್ಟೇಪಲ್ ಪಿನ್ನೂ ಸ್ಟೀಲಿನದೇ ಇರಲಿ. ಪ್ರತಿ ಅಂಚಿನ ನಡುವಿನಿಂದ ಮೂಲೆಯ ಕಡೆಗೆ ಹೊಡೆಯುತ್ತಾ ಹೋದರೆ ಸುಕ್ಕು ಬೀಳುವುದಿಲ್ಲ. ಒಳಗೆ ಹೋದ ನೀರು ಇಳಿದು ಹೋಗಲು ಗಾದಿ ತಳದ ಪ್ಲೈಗೆ 10 ಎಂಎಂನ ನಾಲ್ಕು ತೂತು ಬೇಕೇ ಬೇಕು. ಬಣ್ಣ ತಿಳಿಯಾಗಿರಲಿ. ನಮ್ಮ ಕಡೆಯ ಮೇ ಬಿಸಿಲಿಗೆ ಕರಿ ರೆಕ್ಸಿನ್ ಮೇಲೆ ಯಾರು ಕೂರುತ್ತಾರೆ!

ಒರಗು ಹಲಗೆ ಅಳತೆ ಮಾಡುವಾಗ ಲೈಫ್ ಜಾಕೆಟ್ ಹಾಕಿಕೊಂಡೇ ಕೂತು ನೋಡಿ. ಬೆನ್ನ ಹಿಂದೆ ಅದರ ದಪ್ಪ ಸೇರಿ ನೀವು ಸ್ಟೇರಿಂಗಿಗೆ ತಾಗುವಷ್ಟು ಮುಂದೆ ಬರುತ್ತೀರಿ. ಸೀಟಿನ ಮುಂದಿನ 15 ಸೆಂ.ಮೀ. ಭಾಗವನ್ನು ಬೇರೆ ಕೊಯ್ದು ಪಿಯಾನೋ ಹಿಂಜ್ (ಅಂಚಿನುದ್ದಕ್ಕೂ ಬರುವ ಪಟ್ಟಿಯಂಥ ಕೀಲು) ಹಾಕಿದರೆ ಮೇಲಕ್ಕೆ ಮಡಚಬಹುದು. ದಡ ಹತ್ತಿರ ಬಂದಾಗ ನಿಂತು ಓಡಿಸಲು ಜಾಗ ಸಿಗುತ್ತದೆ.

ಹುಣಸಗಿ_ಬೋಟ್
ಮಡಚೋ ಸೀಟ್ ಚಲೋ ಅನಸ್ತದ್ರಿ. ಪೆಟ್ಟಿಗಿಯೊಳಗ ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಎರಡೂ ಇಡಬಹುದೇನು?

ಫೈಬರ್_ಕೆಲಸ
ಪೆಟ್ರೋಲ್ ಅದರೊಳಗ ಇಡಲೇಬ್ಯಾಡ್ರಿ. ಅದರ ಹಬೆ ಗಾಳಿಗಿಂತ ಭಾರ, ತಳದಾಗ ಕುಂದರ್ತದ. ಬ್ಯಾಟರಿ ವಯರಿನ ಒಂದು ಕಿಡಿ ಸಾಕು. ಟ್ಯಾಂಕ್ ಬಯಲಾಗಿರಲಿ, ಪೆಟ್ಟಿಗಿಯೊಳಗ ಹಗ್ಗ, ಲೈಫ್ ಜಾಕೆಟ್ ಇಡ್ರಿ.